ಇಪ್ಪತ್ತೆಂಟನೆಯ ತಿದ್ದುಪಡಿಯೂ ನಮ್ಮ ಅಡಿವೆಪ್ಪನೂ

ನಮ್ಮ ಅಡಿವೆಪ್ಪ ವಿಮಾನದ ಶೌಚಾಲಯದ ಚಿಲಕಗಳನ್ನು ವಿನ್ಯಾಸ ಮಾಡುವ ಎಂಜಿನಿಯರು. ಇದನ್ನು ಕೇಳಿ ನಗುವವರು ಮುಂದಿನ ಸಲ ಊರಿಗೆ ಹೋಗುವಾಗ ಸಮುದ್ರದ ಮೇಲೆ ಎಲ್ಲಾದರೂ ಒಂದು ಕಡೆ ಚಿಲಕ ಹಾಕಿಕೊಳ್ಳದೆ ಸ್ವಲ್ಪ ಹೊತ್ತು ಕೂತು ನೋಡಬೇಕು. ಆಮೇಲೆ ಅವರೇ ಅಡಿವೆಪ್ಪನಿಗೆ ಕೈಮುಗಿಯುತ್ತಾರೆ. ಗದಗಿನಿಂದ ಅಮೆರಿಕಕ್ಕೆ ಬಂದು, ಶೋರ್‌ಲೈನ್ ಎಂಬ ಊರಿನಲ್ಲಿ ಮನೆ ಮಾಡಿ, ಹೆಂಡತಿ ಗೌರಾದೇವಿ ಮತ್ತು ಮಗಳು ಮಧುರಾಳ ಜೊತೆ ಯಾರ ತಂಟೆಗೂ ಹೋಗದೆ ಬದುಕಿಕೊಂಡಿದ್ದ ಮನುಷ್ಯ. ಅಂಥವನು ಅಮೆರಿಕದ ಸಂವಿಧಾನದ ತಂಟೆಗೆ ಹೋದ. ಹೋದ ಅನ್ನುವುದೂ ತಪ್ಪು, ಅದೇ ಅವನ ಮನೆ ಬಾಗಿಲಿಗೆ ಬಂತು.

ಆ ವರ್ಷ ಅವನ ಕಂಪನಿಗೆ ಮಿಲಿಟರಿ ವಿಮಾನದ ಚಿಲಕಗಳ ಕಾಂಟ್ರಾಕ್ಟು ಸಿಕ್ಕಿತ್ತು. ಸೈನಿಕರಿಗೂ ಮಾನ ಮರ್ಯಾದೆ ಇರುತ್ತದಲ್ಲ. ಆದರೆ ಸೈನಿಕರ ಚಿಲಕ ದೇಶದ ರಹಸ್ಯವಂತೆ, ಅದನ್ನು ಅಮೆರಿಕದ ನಾಗರಿಕರೇ ಮಾಡಬೇಕಂತೆ. ಹಳೆಯ ವಿಭಾಗವನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಮ್ಯಾನೇಜರು ಅಡಿವೆಪ್ಪನನ್ನು ಕರೆದು, "ಕ್ರಿಸ್‌ಮಸ್ ಒಳಗೆ ನಿನ್ನ ಸಿಟಿಜನ್‌ಶಿಪ್ ಬಂದರೆ ಹೊಸ ವಿಭಾಗದಲ್ಲಿ ಕುರ್ಚಿ ನಿನ್ನದೇ. ಬರದಿದ್ದರೆ..." ಎಂದು ನಕ್ಕ. ಈ ದೇಶದಲ್ಲಿ ಮ್ಯಾನೇಜರು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ನಕ್ಕರೆ, ಉಳಿದರ್ಧವನ್ನು ನಾವು ಮನೆಗೆ ಹೋಗಿ ಪೂರ್ತಿ ಮಾಡಿಕೊಳ್ಳಬೇಕು. ಅಡಿವೆಪ್ಪ ಅದನ್ನು ದಿನಕ್ಕೊಂದು ರೀತಿಯಲ್ಲಿ ಪೂರ್ತಿ ಮಾಡಿಕೊಂಡು, ಅರ್ಜಿ ಹಾಕಿ, ಇಂಟರ್‌ವ್ಯೂಗೆ ಯಾವಾಗ ಕರೆಯುತ್ತಾರೋ ಎಂದು ಫೋನು ನೋಡುತ್ತಾ ಒಣಗುತ್ತಿದ್ದ.

ಅಂಥ ಒಂದು ಶನಿವಾರ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಆರಡಿಯ ಒಬ್ಬ ಮುದುಕ, ತಲೆಯ ಮೇಲೆ ನೀಲಿ ಟೋಪಿ, ಕೈಯಲ್ಲಿ ಕರಪತ್ರಗಳು, ಗಡ್ಡದಿಂದ ಮಳೆನೀರು ತೊಟ್ಟಿಕ್ಕುತ್ತಿದೆ. ಹೆಸರು ಡೆನ್ನಿಸ್. ಮೊದಲು ಫೆರಿ ದೋಣಿ ನಡೆಸುತ್ತಿದ್ದನಂತೆ, ಈಗ ನಿವೃತ್ತ. ಈ ಊರಿನಲ್ಲಿ ಇಂಥವರನ್ನು ಯಾರೂ ಒಳಗೆ ಕರೆಯುವುದಿಲ್ಲ. ಬಾಗಿಲನ್ನು ಅರ್ಧ ತೆರೆದು, ಹಲ್ಲನ್ನು ಪೂರ್ತಿ ತೆರೆದು, ಶುಭದಿನ ಹೇಳಿ ಕಳಿಸುತ್ತಾರೆ. ಆದರೆ ಒಳಗಿನಿಂದ ಗೌರಾದೇವಿಯ ದನಿ ಬಂತು.

"ಯಾರ್ರೀ ಅದು? ಮಳ್ಯಾಗ ನಿಂದ್ರಿಸಿ ಏನ್ ಮಾತಾಡ್ತೀರಿ, ಒಳಗ ಕರೀರಿ."

ಹೀಗೆ ಡೆನ್ನಿಸ್ ಒಳಗೆ ಬಂದ. ಮಂಡಕ್ಕಿಯ ಗಿರ್ಮಿಟ್ ತಿಂದ. ಮಿರ್ಚಿ ಭಜಿ ತಿಂದು ಕಣ್ಣೀರು ಹಾಕಿದ. ಚಹಾ ಕುಡಿದು ತಾನು ಬಂದ ಕೆಲಸ ಹೇಳಿದ. ಕಾಂಗ್ರೆಸ್ಸು ಎಂಬ ಇಲ್ಲಿನ ಸಂಸತ್ತಿನವರು ಇಂತಿಷ್ಟೇ ವರ್ಷ ಕುರ್ಚಿಯಲ್ಲಿರಬೇಕು ಎಂದು ಸಂವಿಧಾನಕ್ಕೆ ಇಪ್ಪತ್ತೆಂಟನೆಯ ತಿದ್ದುಪಡಿ ಬರಬೇಕು. ಅಮೆರಿಕದ ಸಂವಿಧಾನವನ್ನು ತಿದ್ದಲು ಎರಡು ದಾರಿ ಇವೆ. ಒಂದು, ರಾಜಧಾನಿಯಲ್ಲಿ ಕೂತಿರುವ ಕಾಂಗ್ರೆಸ್ಸಿನವರೇ ತಿದ್ದುಪಡಿ ತರುವುದು. ಆದರೆ ಅಲ್ಲಿರುವವರು ಒಂದೇ ಕುರ್ಚಿಯಲ್ಲಿ ಮುಪ್ಪಾಗುವವರೆಗೆ ಕೂಡುತ್ತಾರೆ, ತಮ್ಮ ಕುರ್ಚಿಗೆ ತಾವೇ ಗಡುವು ಹಾಕಿಕೊಳ್ಳುತ್ತಾರೆಯೇ? ಇನ್ನೊಂದು ದಾರಿ ಸಂವಿಧಾನದ ಐದನೆಯ ವಿಧಿಯಲ್ಲಿದೆ. ಮೂವತ್ತನಾಲ್ಕು ರಾಜ್ಯಗಳು ಕೇಳಿದರೆ ರಾಜ್ಯಗಳದೇ ಒಂದು ಸಮಾವೇಶ ಕರೆಯಬಹುದು. ಅದಕ್ಕೆ ನಮ್ಮ ರಾಜ್ಯವನ್ನೂ ಒಪ್ಪಿಸಬೇಕು, ಅದಕ್ಕೆ ಶಾಸಕರ ಮೇಲೆ ಒತ್ತಡ ತರಬೇಕು, ಅದಕ್ಕೆ ಮನೆಮನೆಗೆ ಹೋಗಬೇಕು. "ನಮ್ಮ ಜೊತೆ ಬರುತ್ತೀಯಾ?" ಎಂದು ಡೆನ್ನಿಸ್ ಕೇಳಿದ.

ಈಗ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ಮನೆಗೆ ಬಂದು, ಚಹಾ ಕುಡಿದು, ಎದುರಿಗೆ ಕೂತವನಿಗೆ ನಾವು ಆಗುವುದಿಲ್ಲ ಎಂದು ಮುಖಕ್ಕೆ ಹೇಳುವುದಿಲ್ಲ. "ನೋಡೋಣಂತ್ರಿ, ಅದಕ್ಕೇನು" ಎನ್ನುತ್ತೇವೆ. ಕೇಳಿದವನಿಗೆ ಇದು ಆಗದ ಕೆಲಸ ಎಂದು ಗೊತ್ತಾಗುತ್ತದೆ, ಅವನು ಇನ್ನೊಂದು ಲೋಟ ನೀರು ಕುಡಿದು ಸಂತೋಷದಿಂದ ಹೋಗುತ್ತಾನೆ. ಮುಂದೆ ಮದುವೆ ಮುಂಜಿಗಳಲ್ಲಿ ಸಿಕ್ಕರೂ ಇಬ್ಬರೂ ಆ ಮಾತು ಎತ್ತುವುದಿಲ್ಲ. ಅಡಿವೆಪ್ಪ ಅದನ್ನೇ ಇಂಗ್ಲಿಷಿನಲ್ಲಿ, ಇನ್ನೂ ಸ್ವಲ್ಪ ಮರ್ಯಾದೆ ಸೇರಿಸಿ ಹೇಳಿದ. "ಡೆಫಿನೆಟ್ಲಿ ಸರ್. ಶ್ಯೂರ್. ವೈ ನಾಟ್?"

ಡೆನ್ನಿಸ್ ಎದ್ದು ನಿಂತ. "ಡೆಫಿನೆಟ್ಲಿ?" ಎಂದು ಮತ್ತೊಮ್ಮೆ ಕೇಳಿ, ಅಡಿವೆಪ್ಪನನ್ನು ಒದ್ದೆ ಕೋಟಿನ ಸಮೇತ ತಬ್ಬಿಕೊಂಡ.

ವಾರ ತುಂಬುವುದರೊಳಗೆ ಅಂಚೆಯಲ್ಲಿ ಒಂದು ನೀಲಿ ಟೋಪಿ, ಜೇಬಿನಲ್ಲಿ ಹಿಡಿಯುವಷ್ಟು ಪುಟ್ಟ ಸಂವಿಧಾನದ ಪುಸ್ತಕ ಮತ್ತು ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆ ಬಂದವು. ಬಿಲ್ಲೆಯ ಮೇಲೆ 'ಡಿಸ್ಟ್ರಿಕ್ಟ್ ಕ್ಯಾಪ್ಟನ್' ಎಂದು ಬರೆದಿತ್ತು. ಅಡಿವೆಪ್ಪ ಅದನ್ನು ಹಾಗೇ ಡಬ್ಬಿಗೆ ಹಾಕಿ ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಮನುಷ್ಯನಿಗೆ ಜೀವಮಾನದಲ್ಲಿ ಒಮ್ಮೆಯೂ ಯಾರೂ ಕ್ಯಾಪ್ಟನ್ ಎಂದಿರಲಿಲ್ಲ, ಶಾಲೆಯ ಕಬಡ್ಡಿಯಲ್ಲೂ ಕಡೆಗೆ ಆರಿಸುತ್ತಿದ್ದರು. ಟೋಪಿ ಹಾಕಿಕೊಂಡ, ಬಿಲ್ಲೆ ಚುಚ್ಚಿಕೊಂಡ, ಕನ್ನಡಿ ನೋಡಿಕೊಂಡ. ಫೋಟೋ ತೆಗೆದು, 'ಸಣ್ಣದೊಂದು ಜವಾಬ್ದಾರಿ, ನಿಮ್ಮ ಆಶೀರ್ವಾದವಿರಲಿ' ಎಂದು ಬರೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ.

"ಡ್ಯಾಡ್, ಯು ಲುಕ್ ಲೈಕ್ ಅ ಬಸ್ ಡ್ರೈವರ್," ಎಂದಳು ಮಧುರಾ. ಆ ಮಾತನ್ನು ಅವನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಮೂರನೆಯ ದಿನ ಗದಗಿನಿಂದ ತಮ್ಮ ರವಿಕಿರಣನ ಫೋನು ಬಂತು. ರವಿಕಿರಣನದು ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ.

"ಅಣ್ಣಾ, ಫೋಟೋ ಕಳಿಸೇನಿ ನೋಡಿಯಿಲ್ಲ? ಹಗಲು ರಾತ್ರಿ ನಿಂತ ಪ್ರಿಂಟ್ ಹಾಕಿಸೇನಿ. ಬಸ್ ಸ್ಟ್ಯಾಂಡ್ ಮುಂದನ ಕಟ್ಟೇವಿ. ಹುಬ್ಬಳ್ಳಿಯಿಂದ ಬರೋ ಬಸ್ಸಿನಾಗ ಕೂತವ್ರಿಗೆಲ್ಲಾ ಕಾಣ್ತೈತಿ!"

ಅಡಿವೆಪ್ಪ ಫೋಟೋ ತೆರೆದ. ಅದೊಂದು ಫ್ಲೆಕ್ಸ್ ಬ್ಯಾನರು, ಎತ್ತರ ಎರಡಾಳಿನಷ್ಟು. ನಡುವೆ ನೀಲಿ ಟೋಪಿಯ ಅಡಿವೆಪ್ಪ. ಕನ್ನಡಿಯ ಮುಂದೆ ಅವನು ಕೈ ಮುಗಿದಿರಲಿಲ್ಲ, ಫ್ಲೆಕ್ಸಿನಲ್ಲಿ ಬೇರೆ ಯಾರದೋ ಕೈಗಳನ್ನು ತಂದು ಮುಗಿಸಿದ್ದರು. ಎಡಗಡೆ ಸ್ವಾತಂತ್ರ್ಯದೇವಿಯ ಪ್ರತಿಮೆ, ಬಲಗಡೆ ವಿಮಾನ, ಹಿಂದೆ ಬಾಯಿ ತೆರೆದ ಸಿಂಹ. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: 'ಅಮೆರಿಕದ ಸಂವಿಧಾನವನ್ನು ತಿದ್ದಲು ನೇಮಕಗೊಂಡ ಗದಗಿನ ಹೆಮ್ಮೆಯ ಪುತ್ರ ಕ್ಯಾಪ್ಟನ್ ಅಡಿವೆಪ್ಪ ಅವರಿಗೆ ಹಾರ್ದಿಕ ಅಭಿನಂದನೆಗಳು. ಶುಭ ಕೋರುವವರು: ರವಿಕಿರಣ ಮತ್ತು ಗೆಳೆಯರ ಬಳಗ.'

"ಸಿಂಹ ಯಾಕೋ?" ಎಂದು ಮಾತ್ರ ಕೇಳಲು ಸಾಧ್ಯವಾಯಿತು.

"ಅದು ಡಿಸೈನಿನಾಗ ಮೊದ್ಲ ಇತ್ತಣ್ಣ. ತಗದ್ರ ಬ್ಯಾರೆ ರೇಟು ಅಂದ್ರು."

ಅವತ್ತು ಮಧ್ಯಾಹ್ನವೇ, ಏನು ಗ್ರಹಚಾರವೋ, ಇಂಟರ್‌ವ್ಯೂನ ದಿನಾಂಕ ಬಂತು. ಇನ್ನು ಎರಡೇ ವಾರ. ಪಕ್ಕದ ಊರು ಟುಕ್ವಿಲಾದ ವಲಸೆ ಕಚೇರಿ. ಅಡಿವೆಪ್ಪನಿಗೆ ಮೊದಲು ಸಂತೋಷವಾಯಿತು, ಆಮೇಲೆ ಫ್ಲೆಕ್ಸಿನ ನೆನಪಾಯಿತು, ಆಮೇಲೆ ಕಾರು ತೆಗೆದುಕೊಂಡು ಸೀದಾ ಕ್ರಾಸ್‌ರೋಡ್ಸ್ ಮಾಲಿಗೆ ಹೋದ.

ಅಲ್ಲಿ ದೊಡ್ಡ ಚದುರಂಗದ ಹಾಸಿನ ಪಕ್ಕದ ಬೆಂಚಿನಲ್ಲಿ ಬಾಲಕೃಷ್ಣ ಅವರು ದಿನವೂ ಕೂಡುತ್ತಾರೆ. ಮೈಸೂರಿನವರು. ಇಲ್ಲಿ ಇಡ್ಲಿಯ ಹೆಸರೇ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಯೂನಿವರ್ಸಿಟಿಗೆ ಓದಲು ಬಂದು, ವಿಮಾನದ ರೆಕ್ಕೆಗಳಿಗೆ ಲೆಕ್ಕ ಹಾಕಿ ನಿವೃತ್ತರಾದವರು. ವೀಸಾ, ಗ್ರೀನ್ ಕಾರ್ಡು, ಸಿಟಿಜನ್‌ಶಿಪ್ಪುಗಳ ವಿಷಯದಲ್ಲಿ ನಮ್ಮವರೆಲ್ಲ ಮೊದಲು ಅವರನ್ನು ಕೇಳುತ್ತಾರೆ, ಆಮೇಲೆ ವಕೀಲರ ಹತ್ತಿರ ಹೋಗಿ ಸರಿ ಮಾಡಿಸಿಕೊಳ್ಳುತ್ತಾರೆ.

ಬಾಲಕೃಷ್ಣ ಅವರು ಫ್ಲೆಕ್ಸಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಸಿಂಹವನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಅಡಿವೆಪ್ಪನವರೇ, ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ ಗೊತ್ತೇನ್ರೀ? ನೀನು ಅಮೆರಿಕದ ಸಂವಿಧಾನವನ್ನ ಬೆಂಬಲಿಸ್ತೀಯಾ ಅಂತ ಕೇಳ್ತಾರೆ. ಹೌದು ಅಥವಾ ಇಲ್ಲ, ಅಷ್ಟೇ."

"ಹೌದು ಅಂತೇನ್ರಿ ಸರ್."

"ಹೌದು ಅಂತೀರಿ. ಆಗ ಅವರು ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರು ಹಾಕ್ತಾರೆ. ಈ ಫ್ಲೆಕ್ಸು ಬರುತ್ತೆ. ನೋಡಯ್ಯಾ, ಬೆಂಬಲಿಸ್ತೀನಿ ಅಂತೀಯಾ, ತಿದ್ದಕ್ಕೂ ಹೊರಟಿದೀಯಾ, ಜೊತೇಲಿ ಸಿಂಹ ಬೇರೆ ಇಟ್ಕೊಂಡಿದೀಯಾ ಅಂತಾರೆ. ಏನು ಹೇಳ್ತೀರಿ?"

"ಸಿಂಹ ಡಿಸೈನಿನಾಗ ಮೊದ್ಲ ಇತ್ತಂತ್ರಿ ಸರ್."

"ಇದನ್ನೇ ಹೇಳಿ, ತುಂಬ ಚೆನ್ನಾಗಿರುತ್ತೆ," ಎಂದರು ಬಾಲಕೃಷ್ಣ. "ನೀವು ಮೊದಲು ಆ ಚಳವಳಿಗೆ ರಾಜೀನಾಮೆ ಕೊಡಿ. ಆಮೇಲೆ ಆ ಫ್ಲೆಕ್ಸ್ ಇಳಿಸಿ. ಮುಂದಿನ ಭಾನುವಾರ ನಾನೇ ಮನೆಗೆ ಬಂದು ನಿಮಗೆ ಪ್ರಾಕ್ಟೀಸ್ ಮಾಡಿಸ್ತೀನಿ."

ರಾಜೀನಾಮೆ ಕೊಡಲು ಅಡಿವೆಪ್ಪ ಮರುದಿನವೇ ಟೋಟೆಮ್ ಲೇಕ್ ಬಡಾವಣೆಗೆ ಹೋದ. ಅಲ್ಲಿ ಅಂಗಡಿಗಳ ಮುಂದೆ ಡೆನ್ನಿಸ್ ಒಂದು ಮಡಿಚುವ ಮೇಜು ಹಾಕಿಕೊಂಡು ನಿಂತಿದ್ದ. ಬರುವವರು ಹೋಗುವವರೆಲ್ಲ ಅವನನ್ನು ನೋಡಿ ಒಮ್ಮೆಲೇ ಫೋನಿನಲ್ಲಿ ಮುಳುಗುತ್ತಿದ್ದರು. ಅಡಿವೆಪ್ಪನನ್ನು ಕಂಡದ್ದೇ ಅವನ ಮುಖ ಅರಳಿತು. ದಾರಿಯುದ್ದಕ್ಕೂ ಅಡಿವೆಪ್ಪ ಬಾಯಿಪಾಠ ಮಾಡಿಕೊಂಡು ಬಂದದ್ದು ಆ ಮುಖದ ಎದುರು ಹೊರಗೆ ಬರಲಿಲ್ಲ.

"ಸರ್, ಸ್ವಲ್ಪ ತೊಂದರೆಯಾಗಿದೆ," ಎಂದ. "ಸಮಯದ್ದು ಒಂಚೂರು... ಈ ಕ್ಯಾಪ್ಟನ್ ಜವಾಬ್ದಾರಿ ನನ್ನಂಥವನಿಗೆ ದೊಡ್ಡದು. ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ."

ಇದಕ್ಕಿಂತ ಸ್ಪಷ್ಟವಾದ ರಾಜೀನಾಮೆ ಗದಗ ಜಿಲ್ಲೆಯಲ್ಲಿ ಇಲ್ಲ. ನಮ್ಮಲ್ಲಿ ಯಾರಾದರೂ ಹೀಗೆ ಹೇಳಿದರೆ, ಮರುದಿನವೇ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ. ಡೆನ್ನಿಸ್ ಮಾತ್ರ ಗಂಭೀರವಾಗಿ ತಲೆಯಾಡಿಸಿದ.

"ತಪ್ಪು ನನ್ನದು," ಎಂದ. "ಇಷ್ಟು ದೊಡ್ಡ ಕೆಲಸವನ್ನು ನಿನ್ನೊಬ್ಬನ ಹೆಗಲಿಗೆ ಹಾಕಿದೆ. ನಿನಗೆ ಜನ ಬೇಕು. ಮುಂದಿನ ಭಾನುವಾರ ಎಲ್ಲರನ್ನೂ ನಿನ್ನ ಮನೆಗೇ ಕರೆತರುತ್ತೇನೆ."

"ಅಯ್ಯೋ, ನಿಮಗೆ ಯಾಕೆ ತೊಂದರೆ?" ಎಂದ ಅಡಿವೆಪ್ಪ. ಬರಬೇಡಿ ಎಂದು ಅರ್ಥ.

"ಏನೂ ತೊಂದರೆಯಿಲ್ಲ," ಎಂದ ಡೆನ್ನಿಸ್.

ಅಷ್ಟೇ ಆಗಿದ್ದರೂ ತಡೆದುಕೊಳ್ಳಬಹುದಿತ್ತು. ಡೆನ್ನಿಸ್ ಅವತ್ತು ಅವನನ್ನು ಬರಿಗೈಯಲ್ಲಿ ಬಿಡದೆ, ಕರಪತ್ರಗಳ ಜೊತೆ ಎದುರಿನ ಅಪಾರ್ಟ್‌ಮೆಂಟುಗಳಿಗೂ ಕರೆದುಕೊಂಡು ಹೋದ. ಅಡಿವೆಪ್ಪ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಬಾಗಿಲು ಬಡಿದ. ತೆರೆದವರೆಲ್ಲ ಐದನೆಯ ವಿಧಿ ಎಂದರೇನು ಎಂದು ಅವನನ್ನೇ ಕೇಳಿದರು. ಜೇಬಿನ ಪುಸ್ತಕ ತೆಗೆದು ಓದಿ ಹೇಳಿ ಹೇಳಿ, ಸಂಜೆಯ ಹೊತ್ತಿಗೆ ಅವನಿಗೆ ಅದು ಬಾಯಿಗೆ ಬಂದಿತ್ತು. ಜನ್ಮದಲ್ಲಿ ಅಷ್ಟು ಹೆದರಿಕೊಂಡು ಯಾರೂ ಸಂವಿಧಾನ ಓದಿರಲಿಕ್ಕಿಲ್ಲ. ಮನೆಗೆ ಬಂದು ಜೋಳದ ರೊಟ್ಟಿಯ ಮುಂದೆ ಕೂತು ಭಾನುವಾರದ ಸಂಗತಿ ಹೇಳಿದ.

"ಬರಬ್ಯಾಡ ಅಂತ ಹೇಳಾಕ ಬರೂದಿಲ್ಲೇನ್ರೀ ನಿಮಗ?" ಎಂದಳು ಗೌರಾದೇವಿ.

"ಹೇಳೇನಿ. ಅವ್ರಿಗೆ ತಿಳೀಲಿಲ್ಲ."

"ಏನಂತ ಹೇಳೀರಿ?"

"ನಿಮಗ್ಯಾಕ ತ್ರಾಸು ಅಂತ."

ಗೌರಾದೇವಿ ಭಾನುವಾರಕ್ಕೆ ಎಷ್ಟು ಮಂಡಕ್ಕಿ ಬೇಕಾದೀತು ಎಂದು ಲೆಕ್ಕ ಹಾಕಲು ಎದ್ದುಹೋದಳು.

ಭಾನುವಾರ ಬಂತು. ನೀಲಿ ಟೋಪಿಗಳೂ ಬಂದವು. ಸೋಫಾದ ಮೇಲೆ, ಮೆಟ್ಟಿಲ ಮೇಲೆ, ದೇವರ ಕೋಣೆಯ ಬಾಗಿಲಿನವರೆಗೆ ಟೋಪಿಗಳು ತುಂಬಿಕೊಂಡವು. ಅಡಿವೆಪ್ಪ ಪರದೆಗಳನ್ನೆಲ್ಲ ಎಳೆದು, ಎದುರುಮನೆಯವರು ನೋಡುತ್ತಿದ್ದಾರೆಯೇ ಎಂದು ಸಂದಿಯಿಂದ ಇಣುಕುತ್ತಿದ್ದ. ಇಣುಕುವಾಗ ಅವನಿಗೆ ಕಂಡದ್ದು ಕೋಟು, ಟೈ ಹಾಕಿಕೊಂಡು, ಕಂಕುಳಲ್ಲಿ ಫೈಲು ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದ ಬಾಲಕೃಷ್ಣ ಅವರು. ಪ್ರಾಕ್ಟೀಸ್ ಮಾಡಿಸುತ್ತೇನೆ ಎಂದು ಅವರು ಹೇಳಿದ್ದೂ ಅದೇ ಭಾನುವಾರಕ್ಕೆ, ಗಡಿಬಿಡಿಯಲ್ಲಿ ಅಡಿವೆಪ್ಪ ಅದನ್ನು ಮರೆತೇಬಿಟ್ಟಿದ್ದ. ಅವರು ಮಾಡುವುದನ್ನೆಲ್ಲ ಕಟ್ಟುನಿಟ್ಟಾಗಿ ಮಾಡುವವರು, ಅಧಿಕಾರಿಯ ವೇಷದಲ್ಲೇ ಬಂದಿದ್ದರು. ಕಿವಿ ಸ್ವಲ್ಪ ಮಂದ, ಕಣ್ಣಿಗೆ ಹೊರಗಿನಿಂದ ಒಳಗೆ ಬಂದ ಕತ್ತಲೆ. ಬಾಗಿಲು ದಾಟಿದ್ದೇ ಗಟ್ಟಿ ದನಿಯಲ್ಲಿ ಇಂಗ್ಲಿಷಿನಲ್ಲಿ ಗುಡುಗಿದರು.

"ನೀನು ಅಮೆರಿಕದ ಸಂವಿಧಾನವನ್ನು ಬೆಂಬಲಿಸುತ್ತೀಯಾ?"

"ಎಸ್!" ಎಂದು ಟೋಪಿಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಯಾರೋ ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಭಾವುಕಳಾಗಿ ಕಣ್ಣೊರೆಸಿಕೊಂಡಳು.

ಬಾಲಕೃಷ್ಣ ಅವರ ಫೈಲು ಕೆಳಗೆ ಬಿತ್ತು. ಡೆನ್ನಿಸ್ ಅದನ್ನು ಎತ್ತಿಕೊಟ್ಟು, ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. "ನಿಮ್ಮಂಥವರನ್ನೇ ಹುಡುಕುತ್ತಿದ್ದೆವು. ಏನು ಕಂಠ! ನಮ್ಮ ಜೊತೆ ಬರುತ್ತೀರಾ?"

ಬಾಲಕೃಷ್ಣ ಅವರು ಈ ದೇಶದ ನಾಗರಿಕರಾಗಿ ಎಷ್ಟೋ ಕಾಲವಾಗಿತ್ತು. ಅವರಿಗೆ ಯಾರ ಭಯವೂ ಇರಬೇಕಾಗಿರಲಿಲ್ಲ. ಆದರೆ ಇಷ್ಟು ದಿನ ಅಡಿವೆಪ್ಪನನ್ನು ಹೆದರಿಸಿ ಹೆದರಿಸಿ ಆ ಹೆದರಿಕೆ ಅವರಿಗೂ ತಗುಲಿತ್ತು. ಸುತ್ತ ನೋಡಿದರು. ಗೌರಾದೇವಿ ಆಗಲೇ ಅವರ ಕೈಗೊಂದು ತಟ್ಟೆ ಕೊಟ್ಟಿದ್ದಳು. ಎದುರಿಗೆ ಆರಡಿಯ ಮನುಷ್ಯ ಆಸೆಯಿಂದ ನಿಂತಿದ್ದಾನೆ. ಎಷ್ಟೆಂದರೂ ಅವರೂ ನಮ್ಮವರೇ.

"ಡೆಫಿನೆಟ್ಲಿ," ಎಂದರು ಬಾಲಕೃಷ್ಣ. "ವೈ ನಾಟ್? ಲೆಟ್ ಅಸ್ ಸೀ."

ಅವರಿಗೂ ಒಂದು ಟೋಪಿ ಸಿಕ್ಕಿತು.

ಎಲ್ಲರೂ ಹೋದಮೇಲೆ ಡೆನ್ನಿಸ್ ತಟ್ಟೆಗಳನ್ನು ಒಳಗೆ ತಂದಿಡುತ್ತಿದ್ದಾಗ ಗೌರಾದೇವಿ ಅವನಿಗೆ ಸಂಗತಿಯನ್ನೆಲ್ಲ ಹೇಳಿಬಿಟ್ಟಳು. ಅಡಿವೆಪ್ಪ ಇನ್ನೂ ನಾಗರಿಕನಲ್ಲ, ಬರುವ ವಾರ ಇಂಟರ್‌ವ್ಯೂ, ಅದು ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಈ ಮನೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂದು ನಮಗೆ ಗೊತ್ತಿಲ್ಲ. ಡೆನ್ನಿಸ್ ಕೈಯಲ್ಲಿದ್ದ ತಟ್ಟೆ ಇಟ್ಟು ಕುಸಿದು ಕೂತ.

"ಇದನ್ನು ನನಗೆ ಯಾಕೆ ಹೇಳಲಿಲ್ಲ?" ಎಂದು ಅಡಿವೆಪ್ಪನನ್ನು ಕೇಳಿದ.

"ಹೇಳಿದ್ದೆನಲ್ಲ ಸರ್," ಎಂದ ಅಡಿವೆಪ್ಪ. "ಸ್ವಲ್ಪ ತೊಂದರೆಯಾಗಿದೆ ಅಂತ."

ಅದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ ಎಂದು ಡೆನ್ನಿಸ್ ಸಮಾಧಾನ ಹೇಳಿದ. ಹೇಳುವಾಗ ಅವನ ದನಿಯೇ ನಡುಗುತ್ತಿದ್ದದ್ದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಇಂಟರ್‌ವ್ಯೂ ದಿನ ತಾನೂ ಜೊತೆಗೆ ಬರುತ್ತೇನೆ, ಬೇಕಾದರೆ ಸಾಕ್ಷಿ ಹೇಳುತ್ತೇನೆ ಎಂದ. "ನಾನೂ ಬರ್ತೀನಿ," ಎಂದರು ಬಾಲಕೃಷ್ಣ. ಅವರಿಗೆ ಈಗ ತಮ್ಮದೇ ಚಿಂತೆ ಹತ್ತಿತ್ತು.

ಉಳಿದದ್ದು ಫ್ಲೆಕ್ಸು. ಅಡಿವೆಪ್ಪ ದಿನಕ್ಕೆರಡು ಸಲ ರವಿಕಿರಣನಿಗೆ ಫೋನು ಮಾಡಿ ಇಳಿಸು ಎಂದು ಗೋಗರೆದ. ಕಟ್ಟಿದ್ದನ್ನು ಇಳಿಸಿದರೆ ಅಣ್ಣನ ಕೆಲಸ ಹೋಯಿತು ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂದು ರವಿಕಿರಣ ಒಪ್ಪಲಿಲ್ಲ. ಕಡೆಗೆ ಅಡಿವೆಪ್ಪ ಅಳುವ ದನಿಯಲ್ಲಿ, "ಸಂವಿಧಾನ ತಿದ್ದೋದು ಇಲ್ಲಿ ತಪ್ಪು ಅಂತ ತಿಳಕೋತಾರೋ ತಮ್ಮಾ, ಸಂವಿಧಾನಕ್ಕ ನಾವು ಮರ್ಯಾದಿ ಕೊಡಬೇಕೋ" ಎಂದಾಗ ಅವನು, "ಅಷ್ಟ ಹೌದಿಲ್ಲೊ? ನನಗ ಬಿಡು" ಎಂದ.

ಇಂಟರ್‌ವ್ಯೂ ದಿನ ಬೆಳಿಗ್ಗೆ ಟುಕ್ವಿಲಾದ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸುವಾಗ ಹೊಸ ಫೋಟೋ ಬಂತು. ಹಳೆಯ ಫ್ಲೆಕ್ಸನ್ನು ಇಳಿಸಿದ್ದರು. ಅದರ ಜಾಗದಲ್ಲಿ ಅದಕ್ಕಿಂತ ದೊಡ್ಡದೊಂದನ್ನು ಕಟ್ಟಿದ್ದರು. 'ಅಪಾಯದಲ್ಲಿದ್ದ ಅಮೆರಿಕದ ಸಂವಿಧಾನವನ್ನು ಏಕಾಂಗಿಯಾಗಿ ರಕ್ಷಿಸಿದ ಗದಗಿನ ಗಂಡುಗಲಿ ಅಡಿವೆಪ್ಪ.' ಈ ಸಲ ಸಿಂಹಗಳು ಎರಡಿದ್ದವು.

ಅಡಿವೆಪ್ಪ ಫೋನನ್ನು ಜೇಬಿಗಿಟ್ಟುಕೊಂಡು ಒಳಗೆ ನಡೆದ. ಸರದಿ ಬಂದಾಗ ನಡುವಯಸ್ಸಿನ ಒಬ್ಬ ಅಧಿಕಾರಿಣಿ ಬಂದು ಹೆಸರು ಕೂಗಿ, ಕೋಣೆಗೆ ಕರೆದುಕೊಂಡು ಹೋಗಿ, ಬಲಗೈ ಎತ್ತಿಸಿ ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದಳು. ಸತ್ಯ ಎಂಬ ಮಾತು ಕೇಳಿ ಅವನ ಎತ್ತಿದ ಕೈ ಕೆಳಗಿಳಿಯಲಿಲ್ಲ. ಅವಳೇ ಇಳಿಸಬಹುದು ಎಂದು ಹೇಳಬೇಕಾಯಿತು.

"ಸಂವಿಧಾನಕ್ಕೆ ಎಷ್ಟು ತಿದ್ದುಪಡಿಗಳಿವೆ?" ಮೊದಲ ಪ್ರಶ್ನೆಯೇ ಅದು.

"ಇಪ್ಪತ್ತೇಳು, ಮೇಡಂ," ಎಂದ ಅಡಿವೆಪ್ಪ. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. "ಇಪ್ಪತ್ತೆಂಟನೆಯದಕ್ಕೂ ನನಗೂ ಯಾವ ಸಂಬಂಧವೂ ಇಲ್ಲ."

ಅವಳು ತಲೆಯೆತ್ತಿದಳು. "ಇಪ್ಪತ್ತೆಂಟನೆಯದು ಅಂತ ಯಾವುದೂ ಇಲ್ಲವಲ್ಲ?"

"ಇಲ್ಲ ಮೇಡಂ. ಇದ್ದರೂ ಅದು ನನ್ನಿಂದ ಬರುವುದಿಲ್ಲ."

ಅವಳು ಮುಂದಿನ ಪ್ರಶ್ನೆಗಳನ್ನು ಕೇಳಿದಳು. ಅವಕ್ಕೆಲ್ಲ ಅವನು ಸರಿಯಾಗಿಯೇ ಉತ್ತರ ಕೊಟ್ಟ. ಆಮೇಲೆ ಕಂಪ್ಯೂಟರಿನ ಕಡೆಗೆ ತಿ‌ರುಗಿ, ಓದಿ ಓದಿ ಸವೆದ ದನಿಯಲ್ಲಿ ಕೇಳಿದಳು. "ನೀವು ಅಮೆರಿಕದ ಸಂವಿಧಾನವನ್ನು ಬೆಂಬಲಿಸುತ್ತೀರಾ?"

ಅಡಿವೆಪ್ಪನ ಬಾಯಿ ತೆರೆಯಿತು. ಅದರಿಂದ ಹೌದು ಎಂಬ ಒಂದು ಮಾತು ಬಿಟ್ಟು ಬೇರೆಲ್ಲ ಬಂತು. ಡೆನ್ನಿಸ್, ಗಿರ್ಮಿಟ್, ಟೋಪಿ, ಟೋಟೆಮ್ ಲೇಕ್, ಭಾನುವಾರದ ಸಭೆ. ಎರಡು ಫ್ಲೆಕ್ಸುಗಳನ್ನೂ ಅವನೇ ತೋರಿಸಿ, ಪ್ರಮಾಣ ಮಾಡಿದ್ದೇನೆಂದು ಒಂದಕ್ಷರ ಬಿಡದೆ ಅನುವಾದ ಮಾಡಿ ಹೇಳಿದ. ಅವಳು ಎರಡೂ ಸಿಂಹಗಳನ್ನು ನೋಡಿದಳು.

"ಕೈ ಮುಗಿದಿರುವುದು ನೀವೇ?"

"ಮುಖ ನನ್ನದು ಮೇಡಂ. ಕೈ ಯಾರದೋ."

ಅವಳು ಕೆಮ್ಮಿದಳು. ನೀರು ಕುಡಿದಳು. ಮತ್ತೂ ಕೆಮ್ಮಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಭುಜ ಕುಣಿಸಿದಳು. ಅಡಿವೆಪ್ಪ ಅದನ್ನು ಸಿಟ್ಟು ಎಂದು ತಿಳಿದು ಇನ್ನಷ್ಟು ಮಾತಾಡಿದ.

"ಮೇಡಂ, ತಿದ್ದಬೇಕು ಅಂತ ಬಾಗಿಲು ಬಡಿದದ್ದು ನಿಜ. ಅದಕ್ಕೇ ಅದನ್ನು ಓದಿದೆ. ಬಾಗಿಲು ತೆರೆದವರೆಲ್ಲ ಇದೇ ದೇಶದವರು, ಒಬ್ಬರಿಗೂ ಐದನೆಯ ವಿಧಿ ಗೊತ್ತಿರಲಿಲ್ಲ. ನನಗೆ ಹೆದರಿಕೆ ಇದೆ. ಬಹಳ ಹೆದರಿಕೆ ಇದೆ. ಆದರೆ ಅದರ ಮೇಲೆ ನನಗೆ ದ್ವೇಷವಿಲ್ಲ." ಎಂದವನು, ಕಣ್ಣು ಮುಚ್ಚಿಕೊಂಡು ಐದನೆಯ ವಿಧಿಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ.

ಕಣ್ಣು ತೆರೆದಾಗ ಅವಳು ಅವನನ್ನೇ ನೋಡುತ್ತಿದ್ದಳು. ಮುಖದಲ್ಲಿ ನಗು ಇರಲಿಲ್ಲ.

"ಅದನ್ನು ತಿದ್ದುವ ದಾರಿಯೂ ಅದರೊಳಗೇ ಇದೆ," ಎಂದಳು. "ಸರ್ಕಾರವನ್ನು ಕೇಳುವ ಹಕ್ಕೂ ಅದರೊಳಗೇ ಇದೆ. ನೀವು ಅದರಿಂದ ಹೊರಗೆ ಎಲ್ಲೂ ಹೋಗಿಲ್ಲ. ನನಗೆ ಒಂದೇ ಶಬ್ದ ಬೇಕು. ಬೆಂಬಲಿಸುತ್ತೀರಾ?"

"ಹೌದು," ಎಂದ ಅಡಿವೆಪ್ಪ.

"ಪಾಸಾಗಿದ್ದೀರಿ. ಪ್ರಮಾಣವಚನ ಈ ತಿಂಗಳಲ್ಲೇ, ಕ್ರಿಸ್‌ಮಸ್‌ಗೆ ಮೊದಲೇ."

ಹೊರಗೆ ಕಾರಿನ ಪಕ್ಕದಲ್ಲಿ ಮೂವರೂ ಮಳೆಯಲ್ಲಿ ನಿಂತಿದ್ದರು. ಅವನು ಪಾಸಾದೆ ಎಂದು ತಲೆಯಾಡಿಸಿದ. ಗೌರಾದೇವಿ ಅಲ್ಲೇ ಅತ್ತುಬಿಟ್ಟಳು. ಅವನೂ ಅತ್ತ. ಬಾಲಕೃಷ್ಣ ಅವರು, "ನಾನು ಹೇಳಿರಲಿಲ್ವಾ, ಏನೂ ಆಗಲ್ಲ ಅಂತ" ಎಂದರು.

ಕಾರು ಹೆದ್ದಾರಿ ಹಿಡಿದು ಉತ್ತರಕ್ಕೆ ತಿರುಗಿದ ಮೇಲೆ, ಹಿಂದಿನ ಸೀಟಿನಲ್ಲಿ ಬಾಲಕೃಷ್ಣ ಅವರ ಪಕ್ಕದಲ್ಲಿದ್ದ ಡೆನ್ನಿಸ್ ಗಂಟಲು ಸರಿಪಡಿಸಿಕೊಂಡ. "ಇನ್ನು ನೀನೂ ಮತದಾರ. ಮುಂದಿನ ತಿಂಗಳು ನಮ್ಮ ರಾಜ್ಯದ ರಾಜಧಾನಿ ಒಲಿಂಪಿಯಾಕ್ಕೆ ಹೋಗಿ ಶಾಸಕರ ಮುಂದೆ ನೀನೇ ಮಾತಾಡಬೇಕು. ಬರುತ್ತೀಯಲ್ಲ?"

ಅಡಿವೆಪ್ಪನ ಬಾಯಿಗೆ ಹಳೆಯ ಮಾತು ಬರುವುದರೊಳಗೆ ಗೌರಾದೇವಿ ಅವನ ಕಡೆ ತಿರುಗಿದಳು. "ನಿಂದ್ರಿ. ಇಷ್ಟ ದಿನ ಎಲ್ಲಾರೂ ನಿಮ್ಮನ್ನ ಏನೇನೋ ಕೇಳಿದ್ರು. ನಾ ಒಂದ ಕೇಳ್ತೇನಿ. ನಿಮಗ ಆ ಸಮಾವೇಶ ಬೇಕೋ, ಬ್ಯಾಡೋ?" ಡೆನ್ನಿಸ್‌ಗೂ ತಿಳಿಯಲಿ ಎಂದು ಅದನ್ನೇ ಇಂಗ್ಲಿಷಿನಲ್ಲೂ ಕೇಳಿದಳು.

ಹಾಗೆ ಅವನನ್ನು ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ, ಹೆದರಿಕೆಯಲ್ಲಿ ಪುರುಸೊತ್ತಾಗಿರಲಿಲ್ಲ. ವೈಪರು ಆ ಕಡೆ ಈ ಕಡೆ ಓಡಾಡುತ್ತಿತ್ತು.

"ಬೇಡ," ಎಂದ ಅಡಿವೆಪ್ಪ.

ತನ್ನ ಬಾಯಿಂದಲೇ ಬಂದ ಮಾತು ಕೇಳಿ ಅವನಿಗೇ ನಂಬಿಕೆ ಬರಲಿಲ್ಲ.

"ಯಾಕೆ?" ಎಂದ ಡೆನ್ನಿಸ್.

"ಸರ್, ನಮ್ಮದೊಂದು ಕನ್ನಡ ಸಂಘ ಇತ್ತು. ಒಂದೇ ಒಂದು ನಿಯಮ ತಿದ್ದುವುದಕ್ಕೆ ಎಲ್ಲ ಸದಸ್ಯರ ಸಭೆ ಕರೆದೆವು. ದೀಪಾವಳಿ ಊಟಕ್ಕೆ ಮಕ್ಕಳ ಅರ್ಧ ಟಿಕೆಟ್ಟು ಹತ್ತು ವರ್ಷದವರೆಗೋ ಹನ್ನೆರಡರವರೆಗೋ ಅಂತ. ಬೆಳಿಗ್ಗೆ ಸೇರಿದೆವು. ಸೇರಿದ್ದೇವಲ್ಲ ಅಂತ ಅಧ್ಯಕ್ಷರ ಅವಧಿ ಬಂತು. ಆಮೇಲೆ ನಾಟಕದವರಿಗೆ ಎಷ್ಟು ಹೊತ್ತು, ಊಟಕ್ಕೆ ರೊಟ್ಟಿಯೋ ಬಿಸಿಬೇಳೆಬಾತೋ, ಕಡೆಗೆ ಸಂಘದ ಹೆಸರೇ ತಿದ್ದುಪಡಿಗೆ ಬಂತು. ಸಂಜೆ ಹೊರಗೆ ಬಂದಾಗ ಎರಡು ಸಂಘಗಳಿದ್ದವು. ಈಗಲೂ ನಮಗೆ ದೀಪಾವಳಿ ಎರಡು ಸಲ."

"ಮಕ್ಕಳ ಟಿಕೆಟ್ಟು?"

"ಅದು ಇನ್ನೂ ತೀರ್ಮಾನವಾಗಿಲ್ಲ ಸರ್."

"ಅದು ಆಗಿದ್ದು ನಿಮ್ಮ ರೊಟ್ಟಿಯವರಿಂದ," ಎಂದು ಬಾಲಕೃಷ್ಣ ಅವರು ಹಿಂದಿನಿಂದ ಸಿಡಿದರು. ಅವರು ಆಗ ಅಧ್ಯಕ್ಷರಾಗಿದ್ದವರು.

"ರೊಟ್ಟಿ ಮಾತು ಮೊದ್ಲ ತಗದವ್ರ್ಯಾರ್ರೀ?" ಎಂದಳು ಗೌರಾದೇವಿ.

ಗಲಾಟೆ ಸ್ವಲ್ಪ ತಣ್ಣಗಾದ ಮೇಲೆ ನೋಡಿದರೆ ಡೆನ್ನಿಸ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಅಡಿವೆಪ್ಪ ಮೆಲ್ಲಗೆ ಕೇಳಿದ. "ಬೇಜಾರಾಯಿತಾ ಸರ್?"

"ಆಯಿತು," ಎಂದ ಡೆನ್ನಿಸ್. "ಎಷ್ಟೋ ವರ್ಷದಿಂದ ಬಾಗಿಲು ಬಡಿಯುತ್ತಿದ್ದೇನೆ. ಎಲ್ಲರೂ ನಗುತ್ತಾರೆ, ಶುಭದಿನ ಹೇಳುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಬೇಡ ಅಂತ ಹೇಳಿ, ಯಾಕೆ ಬೇಡ ಅಂತ ಇಷ್ಟು ಹೊತ್ತು ನನಗೆ ಹೇಳಿದವನು ನೀನೊಬ್ಬನೇ." ಕೈಬೆನ್ನಿನಿಂದ ಗಡ್ಡ ಒರೆಸಿಕೊಂಡು ಮುಂದಕ್ಕೆ ಬಾಗಿದ. "ಆದರೆ ನೀನು ಹೇಳಿದ್ದು ತಪ್ಪು. ನಮ್ಮ ಸಮಾವೇಶಕ್ಕೂ ನಿಮ್ಮ ಸಭೆಗೂ ವ್ಯತ್ಯಾಸವಿದೆ. ಇಂಥ ವಿಷಯ ಬಿಟ್ಟು ಬೇರೇನೂ ಚರ್ಚಿಸಬಾರದು ಅಂತ ನಾವು ಕರೆಯುವಾಗಲೇ ಬರೆದಿರುತ್ತೇವೆ."

"ನಾವೂ ಬರೆದಿದ್ದೆವು!" ಎಂದರು ಅಡಿವೆಪ್ಪ ಮತ್ತು ಬಾಲಕೃಷ್ಣ, ಇಬ್ಬರೂ ಒಟ್ಟಿಗೆ.